ರಣಭೂಮಿಗೂ ಒಬ್ಬ ಆತಿಥೇಯ ಬೇಕು

ಶ್ರೀರಂಗಪಟ್ಟಣಕ್ಕೆ ಬರುವವರಿಗೆ ಬರವಿಲ್ಲ. ಬಂದವರನ್ನು "ಬನ್ನಿ, ನೆರಳಿಗೆ ನಿಲ್ಲಿ, ಇಲ್ಲಿ ನಡೆದದ್ದು ಇಷ್ಟು" ಎಂದು ಬರಮಾಡಿಕೊಳ್ಳುವವರಿಗೆ ಬರ. ದಸರೆಯ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಶಾಲಾಮಕ್ಕಳ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಮಕ್ಕಳು ಇಳಿಯುತ್ತಾರೆ, ದೇವರಿಗೆ ಕೈಮುಗಿಯುತ್ತಾರೆ, ದರಿಯಾ ದೌಲತ್‌ನ ಗೋಡೆಚಿತ್ರಗಳ ಮುಂದೆ ಓಡುತ್ತಾರೆ, ಗುಂಬಜ್‌ನ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ, ಚುರುಮುರಿ ತಿನ್ನುತ್ತಾರೆ, ಬಸ್ಸು ಹತ್ತುತ್ತಾರೆ. ತಾವು ಓಡಾಡಿದ್ದು ಒಂದು ರಣಭೂಮಿಯ ಮೇಲೆ, ತಾವು ಚುರುಮುರಿ ತಿಂದ ಕೋಟೆಗೋಡೆಯ ಕೆಳಗೆ ಒಂದೇ ಮಧ್ಯಾಹ್ನ ಸಾವಿರಾರು ಜನ ಸತ್ತಿದ್ದಾರೆ ಎಂಬುದನ್ನು ಆ ಮಕ್ಕಳಿಗೆ ಹೇಳಿದವರು ಯಾರು?

ಯಾರೂ ಹೇಳುವುದಿಲ್ಲ ಎಂದರೆ ತಪ್ಪಾದೀತು. ಹೇಳುವವರು ಇದ್ದಾರೆ, ಆದರೆ ಅವರು ಶ್ರೀರಂಗಪಟ್ಟಣದಲ್ಲಿಲ್ಲ. ಮೊಬೈಲಿನಲ್ಲಿದ್ದಾರೆ, ಚುನಾವಣೆಯ ವೇದಿಕೆಯ ಮೇಲಿದ್ದಾರೆ. ಮನೆಯ ಯಜಮಾನ ಬಾಗಿಲಲ್ಲಿ ನಿಲ್ಲದಿದ್ದರೆ ದಾರಿಹೋಕನೇ ಯಜಮಾನನಾಗುತ್ತಾನೆ. ಇಂದು ಶ್ರೀರಂಗಪಟ್ಟಣಕ್ಕೆ ಆಗಿರುವುದು ಅದೇ. ಈ ರಣಭೂಮಿಗೆ ಆತಿಥೇಯರಿಲ್ಲ. ಆತಿಥೇಯನಿಲ್ಲದ ಕಡೆ ಸುಳ್ಳು ಬಂದು ಚಾಪೆ ಹಾಸಿಕೊಂಡು ಕೂತಿದೆ.

ನೆನಪಿಸಿಕೊಳ್ಳಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳು ಇದ್ದಕ್ಕಿದ್ದಂತೆ ಹುಟ್ಟಿಕೊಂಡವು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಇವರಿಬ್ಬರು ಎಂದು ಪ್ರಚಾರವಾಯಿತು. ಮಂಡ್ಯದಲ್ಲಿ ಅವರ ಹೆಸರಿನ ದ್ವಾರವೇ ಎದ್ದಿತು. ಅವರ ಮೇಲೆ ಸಿನಿಮಾ ಮಾಡಲು ಮಂತ್ರಿಯೊಬ್ಬರು ಹೊರಟರು. ಕೊನೆಗೆ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು, ದಾಖಲೆಯಿಲ್ಲದ ವಿಷಯಕ್ಕೆ ಕೈಹಾಕಬೇಡಿ ಎಂದ ಮೇಲೆ ಸಿನಿಮಾ ನಿಂತಿತು. ಸ್ವಾಮೀಜಿಯವರ ವಿವೇಕಕ್ಕೆ ನನ್ನ ವಂದನೆಗಳು. ಆದರೆ ನನ್ನ ಪ್ರಶ್ನೆ ಬೇರೆ. 1799ರ ಮೇ 4ರಂದು ಏನಾಯಿತು ಎಂಬುದನ್ನು ಆ ಜಾಗದಲ್ಲೇ ನಿಂತು, ದಿನದಿನವೂ, ಬಂದವರಿಗೆಲ್ಲ ಸಾವಧಾನವಾಗಿ ಹೇಳುವ ಜನ ನಮ್ಮಲ್ಲಿ ಇದ್ದಿದ್ದರೆ ಆ ಎರಡು ಹೆಸರುಗಳಿಗೆ ಅಷ್ಟು ಆಯಸ್ಸು ಸಿಗುತ್ತಿತ್ತೇ? ನಾನು ಕಥೆ ಬರೆಯುವವನು. ಇಲ್ಲದ ಮನುಷ್ಯರನ್ನು ಹುಟ್ಟಿಸುವುದು ನನ್ನ ಕಸುಬು. ಆದರೆ ಕಥೆಗಾರ ತಾನು ಬರೆದದ್ದು ಕಥೆ ಎಂದು ಹೇಳಿಯೇ ಬರೆಯುತ್ತಾನೆ. ಹಾಗೆ ಹೇಳದೆ ಇಲ್ಲದವರ ಕೈಗೆ ಕತ್ತಿ ಕೊಟ್ಟು ಚರಿತ್ರೆಯೊಳಕ್ಕೆ ನುಗ್ಗಿಸುವುದಕ್ಕೆ ಬೇರೆ ಹೆಸರಿದೆ.

ಆ ದಿನ ಏನಾಯಿತು ಎಂಬುದು ಮುಚ್ಚಿಟ್ಟ ಗುಟ್ಟೇನಲ್ಲ. ಕಾವೇರಿಯಲ್ಲಿ ನೀರು ಇಳಿದಿದ್ದ ಬೇಸಿಗೆ. ಮಳೆ ಬಂದು ನದಿ ತುಂಬಿದರೆ ದ್ವೀಪದ ಕೋಟೆಯನ್ನು ಮುಟ್ಟಲಾಗದು ಎಂಬುದು ಜನರಲ್ ಹ್ಯಾರಿಸ್‌ನಿಗೆ ಗೊತ್ತಿತ್ತು. ಕೋಟೆಯ ವಾಯವ್ಯ ಮೂಲೆಯನ್ನು ಫಿರಂಗಿಗಳು ಒಡೆದವು. ಮೇ 4ರ ಮಧ್ಯಾಹ್ನ, ಉರಿಬಿಸಿಲಿನಲ್ಲಿ, ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ನದಿ ದಾಟಿ ಆ ಬಿರುಕಿನ ಕಡೆಗೆ ನುಗ್ಗಿದರು. ಅವರ ಮುಂದಾಳು ಡೇವಿಡ್ ಬೇರ್ಡ್, 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದವನು. ಟಿಪ್ಪುವಿನ ಸೇನಾನಿ ಸೈಯದ್ ಗಫಾರ್ ದಾಳಿಗೆ ಸ್ವಲ್ಪ ಮುಂಚೆ ಗುಂಡಿಗೆ ಬಲಿಯಾಗಿದ್ದ. ಸಂಜೆಯ ಹೊತ್ತಿಗೆ ಕೋಟೆ ಬಿದ್ದಿತ್ತು. ಕತ್ತಲಲ್ಲಿ ದೀಪ ಹಿಡಿದು ಹುಡುಕಿದಾಗ ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಸಿಕ್ಕಿತು. ಅವನನ್ನು ಕೊಂದ ಸಿಪಾಯಿ ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ. ಮರುದಿನ ಶತ್ರುಗಳೇ ಸೇನಾ ಮರ್ಯಾದೆಯೊಂದಿಗೆ ಅವನನ್ನು ತಂದೆ ಹೈದರಾಲಿಯ ಪಕ್ಕ ಗುಂಬಜ್‌ನಲ್ಲಿ ಮಣ್ಣು ಮಾಡಿದರು.

ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಆದರೆ ಈ ಹತ್ತು ನಿಮಿಷ ಇಂದಿನ ಎಷ್ಟು ಭಾಷಣಗಳನ್ನು ಪೊಳ್ಳು ಮಾಡುತ್ತದೆ ನೋಡಿ. ಇದು ಹಿಂದೂ–ಮುಸ್ಲಿಂ ಯುದ್ಧ ಎನ್ನುವವರಿಗೆ ಕೇಳಬೇಕು: ಬ್ರಿಟಿಷರ ಜೊತೆ ಬಂದು ಬೀಡುಬಿಟ್ಟಿದ್ದ ಹೈದರಾಬಾದಿನ ನಿಜಾಮನ ಸೈನ್ಯ ಯಾವ ಧರ್ಮದ್ದು? ಟಿಪ್ಪುವಿನ ಹಣಕಾಸು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯ ಯಾವ ಧರ್ಮದವನು? ನದಿ ದಾಟಿದವರಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿಯ ಸಿಪಾಯಿಗಳಿದ್ದರು, ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರಿದ್ದರು. ಒಳಗಡೆ ಸುಲ್ತಾನನ ಪರ ಫ್ರೆಂಚರೂ ಇದ್ದರು. ಇದು ಇಂಗ್ಲಿಷರಿಗೂ ಭಾರತೀಯರಿಗೂ ನಡೆದ ಯುದ್ಧ, ಅಷ್ಟೇ ಎನ್ನುವವರಿಗೂ ಈ ಪಟ್ಟಿ ಸುಲಭವಾಗಿ ಜೀರ್ಣವಾಗುವುದಿಲ್ಲ. ರಣಭೂಮಿಯಲ್ಲಿ ಸತ್ಯವೆಂಬುದು ಯಾರ ಜೇಬಿಗೂ ಸರಿಯಾಗಿ ಹಿಡಿಸುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು ಕತ್ತರಿಸಿಕೊಂಡು ಒಯ್ಯುತ್ತಾರೆ.

ಕೋಟೆಗೋಡೆ ಬಿರುಕುಬಿಟ್ಟ ಆ ಮೂಲೆಯಲ್ಲಿ ಈಗ ಒಂದು ಎತ್ತರದ ಕಲ್ಲುಗಂಬವಿದೆ. 1907ರಲ್ಲಿ ಮೈಸೂರು ಸರ್ಕಾರ ನೆಟ್ಟದ್ದು. ದಾಳಿ ಮಾಡಿ ಸತ್ತ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ. ಕೋಟೆಯನ್ನು ಕಾಯುತ್ತ ಸತ್ತವರ ಒಂದು ಹೆಸರೂ ಇಲ್ಲ. ಸುಲ್ತಾನನ ದೇಹ ಸಿಕ್ಕಿದ ಜಾಗದಲ್ಲಿ ಒಂದು ಕಲ್ಲು, ಅದರ ಮೇಲೆ ಒಂದು ಸಾಲು ಇಂಗ್ಲಿಷ್. ಅತ್ತ ಗ್ಯಾರಿಸನ್ ಸ್ಮಶಾನದಲ್ಲಿ ಯುರೋಪಿಯನ್ನರ ಸಮಾಧಿಗಳಿವೆ. ಪಾಳುಬಿದ್ದಿದ್ದ ಅವನ್ನು 2000ದ ದಶಕದ ಕೊನೆಯಲ್ಲಿ ಡಿ ಮ್ಯೂರಾನ್ ಮನೆತನದವರೇ ಆಸ್ಥೆ ವಹಿಸಿ ದುರಸ್ತಿ ಮಾಡಿಸಿದರು. ಇನ್ನೂರು ವರ್ಷಗಳ ನಂತರವೂ ಅವರಿಗೆ ತಮ್ಮ ಸತ್ತವರ ನೆನಪಿದೆ. ನಾವು? ನಮ್ಮ ಪಾಲಿಗೆ ಸತ್ತವನು ಒಬ್ಬನೇ. ಅವನನ್ನು ಒಬ್ಬರು ಸಂತನನ್ನಾಗಿ ಮಾಡುತ್ತಾರೆ, ಇನ್ನೊಬ್ಬರು ರಾಕ್ಷಸನನ್ನಾಗಿ ಮಾಡುತ್ತಾರೆ. ಅವನ ಮುಂದೆ ಹಿಂದೆ ಬಿದ್ದ ಬೇಡರು, ಒಕ್ಕಲಿಗರು, ಕುರುಬರು, ಮುಸಲ್ಮಾನರು, ಕೂಲಿಗೆ ಬಂದ ಪರದೇಶಿಗಳು, ಇವರಾರಿಗೂ ಹೆಸರಿಲ್ಲ, ಮಕ್ಕಳಿಲ್ಲ, ಊರಿಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಒಂದು ಕತ್ತಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಕತ್ತಿಗೆ ಅಷ್ಟು ಬೆಲೆ. ಕತ್ತಿ ಹಿಡಿದವನು ಬಿದ್ದ ನೆಲದಲ್ಲಿ ಬಂದವರಿಗೆ ಒಂದು ಮಾತು ಹೇಳಲು ಒಬ್ಬ ಮನುಷ್ಯನಿಲ್ಲ.

ಇತರ ದೇಶಗಳು ತಮ್ಮ ರಣಭೂಮಿಗಳನ್ನು ಹೇಗೆ ನೋಡಿಕೊಂಡಿವೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರಿಂದ 3ರವರೆಗೆ ನಡೆದ ಕಾಳಗದಲ್ಲಿ ಎರಡೂ ಕಡೆಯ ಸುಮಾರು 51 ಸಾವಿರ ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. 1895ರಲ್ಲೇ ಅದು ರಾಷ್ಟ್ರೀಯ ಸೇನಾ ಉದ್ಯಾನವಾಯಿತು. 1915ರಿಂದ ಅಲ್ಲಿ ಪರೀಕ್ಷೆ ಬರೆದು ಪಾಸಾದವರಿಗೆ ಮಾತ್ರ ಮಾರ್ಗದರ್ಶಕರಾಗಲು ಪರವಾನಗಿ. 1970ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಸ್ವಯಂಸೇವಕರಿಗೆ ಕಾನೂನಿನ ಆಧಾರವಿದೆ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿ, ಅಂಗಡಿಯವ, ಹೀಗೆ ಯಾರು ಬೇಕಾದರೂ ತರಬೇತಿ ಪಡೆದು ಬಂದವರನ್ನು ಸ್ವಾಗತಿಸುತ್ತಾರೆ, ದಾರಿ ತೋರಿಸುತ್ತಾರೆ, ಗೋರಿಗಳ ನಡುವಿನ ಕಸ ಹೆಕ್ಕುತ್ತಾರೆ.

ಅಮೆರಿಕವನ್ನು ಹೊಗಳಲು ಈ ಮಾತು ಎತ್ತಲಿಲ್ಲ. ಆ ಉದ್ಯಾನಗಳಲ್ಲೂ ಬಹಳ ಕಾಲ ಯಾವ ತುಕಡಿ ಯಾವ ಗುಡ್ಡ ಹತ್ತಿತು ಎಂಬುದನ್ನೇ ಹೇಳುತ್ತಿದ್ದರು. ಯುದ್ಧ ನಡೆದದ್ದು ಏಕೆ, ಕರಿಯರ ಗುಲಾಮಗಿರಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಮೆಲ್ಲಗೆ ಜಾರಿಸಿಬಿಡುತ್ತಿದ್ದರು. 2000ದ ಸುಮಾರಿಗೆ ಅಲ್ಲಿನ ಸಂಸತ್ತೇ ಮಧ್ಯೆ ಬಂದು, ಅಂತರ್ಯುದ್ಧದ ತಾಣಗಳಲ್ಲಿ ಗುಲಾಮಗಿರಿಯ ಪಾತ್ರವನ್ನೂ ವಿವರಿಸಿ ಎಂದು ಉದ್ಯಾನ ಇಲಾಖೆಗೆ ಸೂಚಿಸಬೇಕಾಯಿತು. ಇದರಲ್ಲಿ ನಮಗೆ ಪಾಠವಿದೆ. ಬಂದವರನ್ನು ನಗುಮುಖದಿಂದ ಸ್ವಾಗತಿಸಿದರೆ ಸಾಲದು, ಅವರಿಗೆ ಅರ್ಧ ಸತ್ಯ ಬಡಿಸಬಾರದು. ಹಳಸಿದ ಅನ್ನವನ್ನು ಬೆಳ್ಳಿ ತಟ್ಟೆಯಲ್ಲಿ ಇಟ್ಟರೆ ಅತಿಥಿಯ ಹೊಟ್ಟೆ ಕೆಡದೇ ಇರುತ್ತದೆಯೇ?

ಇನ್ನು ನಮ್ಮ ಸರ್ಕಾರಗಳ ವಿಷಯ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿಯನ್ನು ಶುರುಮಾಡಿತು. ಆ ವರ್ಷ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರಲ್ಲಿ ಬಂದ ಇನ್ನೊಂದು ಸರ್ಕಾರ ಜಯಂತಿಯನ್ನು ನಿಲ್ಲಿಸಿತು. ಶುರುಮಾಡಿದವರು ಹಾರ ತಂದರು, ನಿಲ್ಲಿಸಿದವರು ಹಾರ ಕಿತ್ತುಕೊಂಡು ಹೋದರು. ಎರಡೂ ಕಡೆಯವರು ರಣಭೂಮಿಗೆ ಒಂದು ಕುಡಿಯುವ ನೀರಿನ ಕೊಳಾಯಿಯನ್ನು, ಒಂದು ನೆರಳಿನ ಬೆಂಚನ್ನು, ನಾಲ್ಕು ಭಾಷೆಗಳಲ್ಲಿ ಮಾತಾಡಬಲ್ಲ ನಾಲ್ಕು ಹುಡುಗರನ್ನು ಕೊಟ್ಟು ಜಯಂತಿ ಮಾಡಿದ್ದರೆ ನಾನು ಮೆಚ್ಚುತ್ತಿದ್ದೆ. 2017ರಲ್ಲಿ ರೈಲುಹಳಿ ಜೋಡಿಮಾರ್ಗವಾಗಲು ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ, ಮತ್ತೆ ನೆಲೆಗೊಳಿಸಿದ್ದು ನಮ್ಮವರೇ. ಸಾವಿರ ಟನ್ನಿನಷ್ಟು ಭಾರದ ಕಟ್ಟಡವನ್ನು ಕದಲಿಸಲು ಸಾಧ್ಯವಾದ ನಾಡಿನಲ್ಲಿ ಅದರ ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸಲು ಸಾಧ್ಯವಿಲ್ಲವೇ?

ಈ ಪ್ರಶ್ನೆಯನ್ನು ಬರೀ ಕಾಗದದ ಮೇಲೆ ಕೇಳಿ ಸುಮ್ಮನಾಗಲಿಲ್ಲ. ಗೆಳೆಯರು ಕೆಲವರು ಸೇರಿ, ಕಾಲೇಜಿನ ಹದಿನೈದು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಎರಡು ಚಳಿಗಾಲ ರಜೆಯ ದಿನಗಳಲ್ಲಿ ಈ ಕೆಲಸ ಮಾಡಿದೆವು. ಯಾರು ಎಲ್ಲಿ, ಎಷ್ಟು ಹೊತ್ತು ಎಂದು ಪಾಳಿ ಹಂಚುವುದು ನನ್ನ ಪಾಲಿಗೆ ಬಂದಿತ್ತು. ಶುರುವಿನಲ್ಲೇ ಒಂದು ಕಚೇರಿಗೆ ಹೋಗಿ ಹೇಳಿದಾಗ ನಮಗೆ ಎದುರಾದ ಮೊದಲ ಪ್ರಶ್ನೆ: "ನೀವು ಯಾರ ಪರ?" ಬಂದವರ ಪರ ಎಂದೆವು. ಆ ಉತ್ತರಕ್ಕೆ ಅವರ ಫೈಲಿನಲ್ಲಿ ಜಾಗವಿರಲಿಲ್ಲ.

ಕೆಲಸದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ಮುಂದೆ ಮಾಡುವವರಿಗೆ ಬೇಕಾದೀತು. ಬಂದವನು ಮೊದಲು ಕೇಳುವುದು ಚರಿತ್ರೆಯನ್ನಲ್ಲ, ಶೌಚಾಲಯ ಎಲ್ಲಿದೆ ಎಂದು. ಅದಕ್ಕೆ ಬೇಸರಪಡುವವನು ಈ ಕೆಲಸಕ್ಕೆ ಬರಬಾರದು. ವಯಸ್ಸಾದವರನ್ನು ಕೂರಿಸಿ ಹೇಳಬೇಕು, ಮಕ್ಕಳಿಗೆ ನಡೆಯುತ್ತ ಹೇಳಬೇಕು. ಹೊಳೆಗೆ ಇಳಿಯುವ ಹುಡುಗರನ್ನು ತಡೆಯುವುದು ಟಿಪ್ಪುವಿನ ಕಥೆಗಿಂತ ಮುಖ್ಯ, ಕಾವೇರಿಯ ಸುಳಿಗೆ ಜಯಂತಿ ಗೊತ್ತಿಲ್ಲ. ಹಣ ಮುಟ್ಟಬಾರದು. ಅಲ್ಲಿ ಗೈಡ್ ಕೆಲಸ ಮಾಡಿ, ಆಟೋ, ಟಾಂಗಾ ಓಡಿಸಿ ಹೊಟ್ಟೆ ಹೊರೆಯುವವರಿದ್ದಾರೆ. ಅವರ ಅನ್ನ ಕಸಿಯುವ ಸೇವೆ ಸೇವೆಯಲ್ಲ, ಅವರನ್ನೂ ಕೂರಿಸಿಕೊಂಡು ಕಲಿಯಬೇಕು, ಕಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಹುಡುಗರಿಗೆ ಮೂರು ಮಾತುಗಳನ್ನು ಬಾಯಿಪಾಠ ಮಾಡಿಸಿದ್ದೆವು: "ಇದಕ್ಕೆ ದಾಖಲೆ ಇದೆ", "ಹೀಗೆಂದು ಜನ ಹೇಳುತ್ತಾರೆ", "ಇದು ಗೊತ್ತಿಲ್ಲ". ಈ ಮೂರನ್ನು ಬೆರೆಸದೆ ಹೇಳಲು ಕಲಿತ ದಿನ ಹುಡುಗರ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಒಂದು ದಿನ ಕೊಡಗಿನ ಹಿರಿಯರೊಬ್ಬರು ಮಗ ಸೊಸೆಯೊಡನೆ ಬಂದಿದ್ದರು. ಪಾಳಿಯಲ್ಲಿದ್ದುದು ನಮ್ಮ ಬಿ.ಎ. ಓದುವ ಒಬ್ಬ ಹುಡುಗಿ, ತಲೆಯ ಮೇಲೆ ದುಪಟ್ಟಾ. ಅವಳು ಹೇಳುವುದನ್ನೆಲ್ಲ ಕೇಳಿ ಮುಗಿಸಿ ಅವರು, "ನಮ್ಮವರನ್ನು ಹಿಡಿದು ಇಲ್ಲಿಗೆ ತಂದರಲ್ಲ, ಅದನ್ನೂ ಹೇಳುತ್ತೀಯೇನಮ್ಮ?" ಎಂದರು. ಹುಡುಗಿ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಅವಳೇ ಹೇಳಿದಳು: "ಹೇಳುತ್ತೇನೆ ಸರ್. ತಂದದ್ದು ನಿಜ. ಬಲವಂತದ ಮತಾಂತರವೂ ಆಯಿತು. ಎಷ್ಟು ಜನ ಎಂಬುದರಲ್ಲಿ ಲೆಕ್ಕಗಳು ಹೊಂದುವುದಿಲ್ಲ. ನಿಮ್ಮ ಮನೆಯಲ್ಲಿ ಏನು ಹೇಳುತ್ತಿದ್ದರು?" ಅವರು ಅಲ್ಲೇ ಕೋಟೆಕಲ್ಲಿನ ಮೇಲೆ ಕೂತು, ತಮ್ಮ ಅಜ್ಜಿ ಹೇಳುತ್ತಿದ್ದುದನ್ನು ಅರ್ಧ ಗಂಟೆ ಹೇಳಿದರು. ಹೋಗುವಾಗ ಅವಳ ತಲೆಯ ಮೇಲೆ ಕೈಯಿಟ್ಟರು.

ಅದೇ ಸಂಜೆ ನಮ್ಮವರೇ ಒಬ್ಬರು, ಗುಂಬಜ್‌ಗೆ ಫಾತಿಹಾ ಓದಲು ಬಂದಿದ್ದವರು, ನನ್ನನ್ನು ಪಕ್ಕಕ್ಕೆ ಕರೆದು ಗದರಿದರು. "ಕ್ಯಾ ಮಿಯಾಂ, ಹಜ್ರತ್ ಟೀಪು ಸುಲ್ತಾನ್ ಶಹೀದರ ಅಂಗಳದಲ್ಲಿ ನಮ್ಮ ಹುಡುಗಿಯ ಬಾಯಲ್ಲೇ ಇದನ್ನು ಹೇಳಿಸುತ್ತೀರಾ? ದುಶ್ಮನರಿಗೆ ಇನ್ನೇನು ಬೇಕು?" ಅವರ ಸಿಟ್ಟು ನನಗೆ ಅರ್ಥವಾಗದ್ದೇನಲ್ಲ. ನಾನು ಉರ್ದು ಶಾಲೆಯಲ್ಲಿ ಟಿಪ್ಪುವನ್ನು 'ಶಹೀದ್' ಎಂದು ಕಲಿತವನು, ಕನ್ನಡ ಶಾಲೆಯಲ್ಲಿ 'ಮೈಸೂರು ಹುಲಿ' ಎಂದು ಕಲಿತವನು. ಎರಡನ್ನೂ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಇಬ್ಬರು ಎಳೆಯ ಮಕ್ಕಳನ್ನು 1792ರಲ್ಲಿ ಒತ್ತೆಯಿಟ್ಟು, ಅರ್ಧ ರಾಜ್ಯ ಕಳೆದುಕೊಂಡು, ಆಮೇಲೂ ತಲೆಬಾಗದೆ ಕೋಟೆಬಾಗಿಲಲ್ಲಿ ಸಿಪಾಯಿಯಂತೆ ಸತ್ತವನನ್ನು ಪ್ರೀತಿಸಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಪ್ರೀತಿಯ ಹೆಸರಲ್ಲಿ ಕೊಡಗಿನ ಅಜ್ಜಿಯ ಕಣ್ಣೀರನ್ನು ಸುಳ್ಳೆನ್ನಲು ನನಗೆ ಯಾವ ಅಧಿಕಾರವಿದೆ? ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿಯಂದು ದೀಪ ಹಚ್ಚದ ಪರಂಪರೆಯಿದೆ. ಅದನ್ನು ನಾವೇ ಹೇಳಿದರೆ, 1791ರಲ್ಲಿ ಮರಾಠಾ ಪಡೆಯವರು ದೋಚಿದ ಶೃಂಗೇರಿ ಮಠಕ್ಕೆ ಟಿಪ್ಪು ನೆರವು ಕಳಿಸಿದ್ದನ್ನು, ಅವನ ಅರಮನೆಯ ಕೂಗಳತೆಯಲ್ಲಿ ರಂಗನಾಥನ ಗಂಟೆ ಬಾರಿಸುತ್ತಲೇ ಇದ್ದುದನ್ನು ಹೇಳಿದಾಗ ಕೇಳುವವರು ಕಿವಿಗೊಡುತ್ತಾರೆ. ಮೊದಲನೆಯದನ್ನು ನುಂಗಿದರೆ ಎರಡನೆಯದನ್ನು ಯಾರೂ ನಂಬುವುದಿಲ್ಲ.

ಮೆಹಮಾನ್ ನವಾಜಿ ನಮ್ಮ ರಕ್ತದಲ್ಲಿದೆ ಎಂದು ನಾವು ಮುಸಲ್ಮಾನರು ಎದೆತಟ್ಟಿ ಹೇಳಿಕೊಳ್ಳುತ್ತೇವೆ. ಈದಿನ ದಿನ ಶಾವಿಗೆ ಪಾಯಸ ಬಡಿಸುವುದಷ್ಟೇ ಮೆಹಮಾನ್ ನವಾಜಿಯೇ? ನಮ್ಮ ಬಗ್ಗೆ ಅನುಮಾನ ಹೊತ್ತು ಬಂದವನನ್ನು ಕೂರಿಸಿ, ನೀರು ಕೊಟ್ಟು, ಅವನ ಮಾತು ಕೇಳಿ, ನಮ್ಮ ಮಾತನ್ನು ಹೇಳುವುದು ಅದಕ್ಕಿಂತ ದೊಡ್ಡ ಆತಿಥ್ಯ. ಉರುಸಿನಲ್ಲಿ ನಾವು ಸಾವಿರ ಸಾವಿರ ಸೇರುತ್ತೇವೆ. ಮರುದಿನ ಗುಂಬಜ್‌ನ ಬಾಗಿಲಲ್ಲಿ ಬಂದವರಿಗೆ ಎರಡು ಮಾತು ಹೇಳಲು ನಮ್ಮವರೊಬ್ಬರೂ ಉಳಿದಿರುವುದಿಲ್ಲ. ಸುಲ್ತಾನನ ಮೇಲೆ ನಮಗೆ ಅಭಿಮಾನವಿದೆ, ಅವನ ಮನೆಗೆ ಬಂದ ಅತಿಥಿಗಳ ಮೇಲೆ ಜವಾಬ್ದಾರಿಯಿಲ್ಲ.

ಕೆಲವರು ಕೇಳುತ್ತಾರೆ: 2022ರಲ್ಲಿ ಜಾಮಿಯಾ ಮಸೀದಿಯ ವಿಷಯಕ್ಕೆ 'ಶ್ರೀರಂಗಪಟ್ಟಣ ಚಲೋ' ಎಂದು ಕರೆಕೊಟ್ಟು, ಊರಿಗೆಲ್ಲ ನಿಷೇಧಾಜ್ಞೆ ಬಿದ್ದಿತ್ತಲ್ಲ, ಇಂಥ ಕಾಲದಲ್ಲಿ ಬಿಳಿ ಶರಟಿನ ನಾಲ್ಕು ಹುಡುಗರನ್ನು ನಿಲ್ಲಿಸಿ ಏನು ಸಾಧಿಸುತ್ತೀರಿ? ಗಲಭೆಗೆ ಬಂದವರನ್ನು ತಡೆಯುವುದು ಪೊಲೀಸರ ಕೆಲಸ, ಹುಡುಗರದಲ್ಲ. ಆದರೆ ಗಲಭೆಗೆ ಬರುವವರು ನೂರು, ನೋಡಲು ಬರುವವರು ಲಕ್ಷ. ನಾವು ನೂರರ ಭಯದಲ್ಲಿ ಲಕ್ಷವನ್ನು ಮರೆತಿದ್ದೇವೆ. ಆ ಲಕ್ಷದಲ್ಲಿ ಮುಕ್ಕಾಲು ಪಾಲು ಜನ ಯಾರ ಮೇಲೂ ದ್ವೇಷವಿಲ್ಲದೆ ಬಂದವರು. ಅವರನ್ನು ಯಾರೂ ಮಾತಾಡಿಸದೆ ಹಿಂದಕ್ಕೆ ಕಳಿಸಿ, ಆಮೇಲೆ ಅವರು ಮೊಬೈಲಿನಲ್ಲಿ ಬಂದದ್ದನ್ನು ನಂಬಿದರು ಎಂದು ಗೋಳಾಡಿದರೆ ಏನು ಫಲ?

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಸ್ಮಾರಕಗಳ ಸುತ್ತ ನೂರು ಮೀಟರ್ ಕಟ್ಟಬೇಡಿ ಎಂದು ಕಾನೂನು ಮಾಡಿ ಕಲ್ಲನ್ನು ಕಾಯುತ್ತಿರುವ ಸರ್ಕಾರ ಕಥನವನ್ನೂ ಕಾಯಲಿ. ವಾಯವ್ಯದ ಬಿರುಕು, ನೀರ ಬಾಗಿಲು, ಬೇಯ್ಲಿಯ ಸೆರೆಮನೆ, ಗ್ಯಾರಿಸನ್ ಸ್ಮಶಾನ, ದರಿಯಾ ದೌಲತ್, ಗುಂಬಜ್, ಇವನ್ನು ಒಂದೊಂದು ಟಿಕೆಟ್ಟಿನ ಕಟ್ಟಡವಾಗಿ ನೋಡದೆ ಒಂದೇ ರಣಭೂಮಿಯೆಂದು ಗುರುತಿಸಿ ನಡೆದಾಡುವ ದಾರಿ ಮಾಡಲಿ. ಅದರ ಮೇಲೆ ಎಲ್ಲ ಜಾತಿ ಧರ್ಮಗಳ ಸ್ಥಳೀಯ ಯುವಕ ಯುವತಿಯರಿಗೆ ಚರಿತ್ರೆಯ ಮೇಷ್ಟ್ರುಗಳಿಂದ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು ನಿಲ್ಲಿಸಲಿ. ಕಲ್ಲುಗಂಬದ ಪಕ್ಕ ಇನ್ನೊಂದು ಕಲ್ಲು ಬರಲಿ, ಕೋಟೆ ಕಾಯುತ್ತ ಸತ್ತ ಹೆಸರಿಲ್ಲದವರಿಗಾಗಿ, ಕನ್ನಡದಲ್ಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ಮುಂದಿನ ಮೇ 4ರಂದು ಈ ಪತ್ರಿಕೆಯ ಓದುಗರಲ್ಲಿ ಸಾಧ್ಯವಾದವರು, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಘೋಷಣೆ ಬಾವುಟಗಳನ್ನು ಮನೆಯಲ್ಲಿಟ್ಟು ಒಂದು ನೀರಿನ ಬಾಟಲಿ ಮತ್ತು ಓದಿಕೊಂಡ ನಾಲ್ಕು ಸತ್ಯಗಳೊಂದಿಗೆ ಮಧ್ಯಾಹ್ನದ ಹೊತ್ತಿಗೆ ಕೋಟೆಗೆ ಬನ್ನಿ. ಬಿಸಿಲು ಜೋರಿರುತ್ತದೆ. ಬಂದವರನ್ನು ನೆರಳಿಗೆ ಕರೆಯುವುದರಿಂದಲೇ ಕೆಲಸ ಶುರುವಾಗುತ್ತದೆ.